ಮಾಚವ್ವ ತೊಡಿಸಿದ ನೀಲಿಗಪ್ಪು

ಏಳು ಬೆಟ್ಟದ ಆಚೆ, ಎಂಟನೆಯ ಬೆಟ್ಟದ ಈಚೆ, ಸಾಣೆಗಿರಿ ಎಂಬ ರಾಜ್ಯವಿತ್ತು. ನಮ್ಮ ಮುತ್ತಜ್ಜಿಯ ಮುತ್ತಜ್ಜಿಯೂ ಹುಟ್ಟಿರದ ಕಾಲ ಅದು.

ಸಾಣೆಗಿರಿಯ ನಡುವೆ ತುಂತುರು ಹೊಳೆ ಹರಿಯುತ್ತಿತ್ತು. ಒಂದು ಕಡೆ ಆ ಹೊಳೆ ಎತ್ತರದ ಬಂಡೆಯಿಂದ ಅಬ್ಬಿಯಾಗಿ ಧುಮುಕುತ್ತಿತ್ತು. ಅಲ್ಲಿ ನೀರಿನ ಹನಿ ಹಗಲೆಲ್ಲ ಹೊಗೆಯ ಹಾಗೆ ಏಳುತ್ತಿತ್ತು. ಅದರ ಕೆಳಗೆ ದೋಣಿಗಟ್ಟೆ, ಕಟ್ಟೆಯ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲು. ಆ ಕಲ್ಲಿನ ಮೇಲೆ ದಿನವೂ ಬಟ್ಟೆ ಒಗೆಯುತ್ತಿದ್ದವಳು ಮಡಿವಾಳರ ಮಾಚವ್ವ. ಅವಳಿಗೆ ಹತ್ತೊಂಬತ್ತು ವರ್ಷ. ತಂದೆ ತಾಯಿ ಇರಲಿಲ್ಲ. ಬೀರ ಎಂಬ ಅಣ್ಣನಿದ್ದ. ಅವನು ದೋಣಿ ನಡೆಸುತ್ತಿದ್ದ. ಅಣ್ಣ ನೀರಿನ ಮೇಲೆ ಹಾಡುತ್ತಿದ್ದ, ತಂಗಿ ಕಲ್ಲಿನ ಮೇಲೆ ಬಟ್ಟೆ ಬಡಿದು ತಾಳ ಹಾಕುತ್ತಿದ್ದಳು. ಅವರಿಗೆ ಬೇರೇನೂ ಬೇಕಾಗಿರಲಿಲ್ಲ.

ಹೊಳೆಯ ಆಚೆ ಕೆಂಗುಡ್ಡದಲ್ಲಿ ಕೆಂಧೂಳ ಎಂಬ ಮಾಂತ್ರಿಕನಿದ್ದ. ಅವನಿಗೆ ಅನ್ನ ಬೇಡ, ರೊಟ್ಟಿ ಬೇಡ. ತುಕ್ಕೇ ಅವನ ಊಟ. ಒಂದು ಮುಷ್ಟಿ ತುಕ್ಕು ತಿಂದರೆ ಒಂದು ತಿಂಗಳು ಬದುಕುತ್ತಿದ್ದ. ಅವನು ಹಾದುಹೋದ ಕಡೆಯೆಲ್ಲ ಅಗುಳಿ ಕೆಂಪಾಗುತ್ತಿತ್ತು, ಕುಡುಗೋಲು ಕೆಂಪಾಗುತ್ತಿತ್ತು, ಎತ್ತಿನ ಕಾಲಿನ ಲಾಳವೂ ಕೆಂಪಾಗುತ್ತಿತ್ತು.

ಒಂದು ದಿನ ಬೀರನ ದೋಣಿಯಲ್ಲಿ ಇಬ್ಬರು ಕೂತಿದ್ದರು. ಒಬ್ಬ ರಾಜನ ಮಗ ಚಂದರಸ. ಇನ್ನೊಬ್ಬಳು ಕಮ್ಮಾರ ಕಾಳೋಜನ ಮಗಳು ಸಾಂತವ್ವ. ದೋಣಿ ಬಿಡುವ ಹೊತ್ತಿಗೆ ಕೆಂಧೂಳ ಬಂದ.

"ನನ್ನನ್ನೂ ದಾಟಿಸು," ಎಂದ.

ಬೀರ ಕೈಮುಗಿದ. "ಅಯ್ಯಾ, ನೀನು ಕಾಲಿಟ್ಟರೆ ದೋಣಿಯ ಮೊಳೆಯೆಲ್ಲ ಪುಡಿಯಾಗ್ತದೆ. ನಡುಹೊಳೆಯಲ್ಲಿ ಎಲ್ಲರೂ ಮುಳುಗಿ ಹೋಗ್ತೀವಿ. ಬೇರೆ ಏನು ಬೇಕಾದ್ರೂ ಕೇಳು."

"ಬೀರ ಹೇಳಿದ್ದು ಸರಿ," ಎಂದ ಚಂದರಸ.

"ಆ ಮೊಳೆ ಬಡಿದವನು ನನ್ನಪ್ಪ. ನಿನ್ನ ಹೊಟ್ಟೆಗೆ ಅಂತ ಬಡಿದದ್ದಲ್ಲ," ಎಂದಳು ಸಾಂತವ್ವ.

ಕೆಂಧೂಳನಿಗೆ ಕೋಪ ಬಂತು. ಅಂಗೈಯಲ್ಲಿ ಕೆಂಪು ಪುಡಿ ಇಟ್ಟುಕೊಂಡು ಉಫ್ ಎಂದು ಊದಿದ. ಮೂವರೂ ತಮಗರಿವಿಲ್ಲದೆ ದೋಣಿಯಿಂದ ಎದ್ದು, ಕಟ್ಟೆಯ ಬಂಡೆಯ ಮೇಲೆ ಹೋಗಿ ನಿಂತು, ನಿಂತ ಹಾಗೇ ಉಕ್ಕಾದರು. ಅವರ ಪಾದ ಬಂಡೆಯೊಳಗೆ ಬೇರು ಬಿಟ್ಟಿತು.

ಮಾಚವ್ವ ಒದ್ದೆ ಬಟ್ಟೆ ಬಿಸಾಕಿ ಓಡಿ ಬಂದಳು. ಅಣ್ಣನ ಕೈ ಹಿಡಿದಳು. ಕೈ ತಣ್ಣಗಿತ್ತು. ಎದೆಗೆ ಕಿವಿ ಇಟ್ಟಳು. ಒಳಗೆ ಎಲ್ಲೋ ದೂರದಲ್ಲಿ ಡಬ್, ಡಬ್ ಎನ್ನುತ್ತಿತ್ತು.

"ಬದುಕಿದಾರೆ," ಎಂದು ಕೆಂಧೂಳ ನಕ್ಕ. "ಇನ್ನು ಇವರೇ ನನ್ನ ಹೊಲ. ಈ ಮಂತ್ರ ಹಾಕಿದ ಮೇಲೆ ಬೇರೆ ತುಕ್ಕು ನನಗೆ ದಕ್ಕೋದಿಲ್ಲ. ಅಬ್ಬಿಯ ಹನಿ ಬೀಳ್ತಾನೇ ಇರ್ತದೆ, ತುಕ್ಕು ಬೆಳೀತಾನೇ ಇರ್ತದೆ. ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಬಂದು ಕೆರೆದುಕೊಂಡು ಹೋಗ್ತೀನಿ. ತುಕ್ಕು ಎದೆ ಮುಟ್ಟಿದ ದಿನ ಇವರ ಕತೆ ಮುಗೀತು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಇವರ ಮೈಮೇಲೆ ಒಂದೇ ಒಂದು ಕೆಂಪು ಚುಕ್ಕೆ ಏಳದ ಹಾಗೆ ನೋಡಿಕೊಂಡರೆ ಇವರು ಮನುಷ್ಯರಾಗ್ತಾರೆ, ನಾನು ಹಸಿದು ಸಾಯ್ತೀನಿ. ನೋಡಿಕೊಳ್ಳಿ ನೋಡೋಣ!"

ರಾಜ ಮೊದಲನೆಯ ತಿಂಗಳು ಎಣ್ಣೆ ಹಚ್ಚಿಸಿದ. ಅಬ್ಬಿಯ ಹನಿ ಎಣ್ಣೆಯನ್ನು ಮೂರು ದಿನದಲ್ಲಿ ತೊಳೆದು ಹಾಕಿತು. ಎರಡನೆಯ ತಿಂಗಳು ಬಣ್ಣ ಬಳಿಸಿದ. ಹೊರಗೆ ಬಣ್ಣ ಥಳಥಳ ಹೊಳೆಯಿತು, ಒಳಗೆ ತುಕ್ಕು ಕದ್ದು ಬೆಳೆಯಿತು. ಕೆಂಧೂಳ ಬಂದು ಉಗುರಿನಿಂದ ಬಣ್ಣದ ಹಕ್ಕಳೆ ಎಬ್ಬಿಸಿ, ಬಟ್ಟಲು ತುಂಬ ಕೆರೆದುಕೊಂಡು, ಬೆರಳು ನೆಕ್ಕುತ್ತ ಹೋದ. ಚಂದರಸನ ಕಿರುಬೆರಳು ಕಡ್ಡಿಯಷ್ಟು ಸಣ್ಣಗಾಯಿತು.

ಅದನ್ನು ನೋಡಿ ಕಮ್ಮಾರ ಕಾಳೋಜ ಮಗಳ ಉಕ್ಕಿನ ಪಾದದ ಹತ್ತಿರ ಕೂತುಬಿಟ್ಟ. ಮಾಚವ್ವ ಅವನಿಗೆ ಅಂಬಲಿ ತಂದುಕೊಟ್ಟಳು.

"ಕಾಳೋಜಪ್ಪಾ, ನೀನು ಕಬ್ಬಿಣದ ಜೊತೆ ಅರವತ್ತು ವರ್ಷ ಬಾಳಿದವನು. ನಿನಗೂ ದಾರಿ ಕಾಣೋದಿಲ್ವಾ?"

"ಒಂದು ದಾರಿ ಇದೆ ಮಗಳೇ," ಎಂದ ಕಾಳೋಜ. "ಎಣ್ಣೆ, ಬಣ್ಣ ಎಲ್ಲ ಮೇಲಿನಿಂದ ಹಾಕುವಂಥದ್ದು. ಮೇಲಿನದು ಮೇಲೇ ಹೋಗ್ತದೆ. ಉಕ್ಕಿನ ಮೈಯಿಂದಲೇ ಹುಟ್ಟುವ ಹೊದಿಕೆ ಒಂದಿದೆ. ನವಿಲುಗಲ್ಲು ಅರೆದು ಹುಳಿಗಂಜಿಯಲ್ಲಿ ಕದಡಿ ಉಕ್ಕಿಗೆ ಸವರಿದರೆ, ಉಕ್ಕು ತಾನೇ ನೀಲಿಗಪ್ಪು ಬಣ್ಣಕ್ಕೆ ತಿರುಗ್ತದೆ. ನನ್ನಜ್ಜ ಕತ್ತಿಗೆ ಹಾಗೆ ಮಾಡ್ತಿದ್ದ. ಆದರೆ ಕಲ್ಲು ಇರೋದು ನೀಲಿಗವಿಯಲ್ಲಿ. ಅಲ್ಲೊಂದು ಮಾಯಾನವಿಲು ಕಾವಲಿದೆ. ನನ್ನ ಮಂಡಿ ಗವಿಯ ತನಕ ಬರೋದಿಲ್ಲ."

"ನನ್ನ ಮಂಡಿ ಬರ್ತದೆ," ಎಂದಳು ಮಾಚವ್ವ.

ಅವಳು ಒಂದು ಮಡಕೆ, ಒಂದು ಗಂಟು ಚೌಳು ಎತ್ತಿಕೊಂಡು ಹೊರಟಳು. ಚೌಳು ಎಂದರೆ ಮಡಿವಾಳರು ಬಟ್ಟೆಯ ಜಿಡ್ಡು ತೆಗೆಯುವ ಬಿಳಿಮಣ್ಣು. ಮಡಿವಾಳರು ಎಲ್ಲಿಗೆ ಹೋದರೂ ಅದನ್ನು ಬಿಟ್ಟು ಹೋಗುವುದಿಲ್ಲ.

ನೀಲಿಗವಿಯ ಬಾಯಲ್ಲಿ ಆನೆಯಷ್ಟು ದೊಡ್ಡ ನವಿಲು ಕೂತಿತ್ತು. ಅದರ ಗರಿಯೆಲ್ಲ ಕಪ್ಪುಜಿಡ್ಡು ಹಿಡಿದು ಒಂದಕ್ಕೊಂದು ಅಂಟಿತ್ತು.

"ಮೊದಲು ಬಂದವನು ಕತ್ತಿ ತಂದ. ಕುಕ್ಕಿ ಓಡಿಸಿದೆ," ಎಂದಿತು ನವಿಲು. "ಎರಡನೆಯವನು ಬಲೆ ತಂದ. ಅವನನ್ನೂ ಕುಕ್ಕಿ ಓಡಿಸಿದೆ. ಮೂರನೆಯವನು ಎಣ್ಣೆಯ ಪಂಜು ತಂದು ನನ್ನ ಗರಿ ಹಾಳು ಮಾಡಿದ. ನೀನೇನು ತಂದಿದ್ದೀ?"

"ಒಗೆಯೋ ಮಡಕೆ ತಂದಿದ್ದೀನಿ," ಎಂದಳು ಮಾಚವ್ವ. "ಬಾಲ ಈ ಕಡೆ ತಿರುಗಿಸು."

ನವಿಲು ಅವಳನ್ನು ಮೇಲಿಂದ ಕೆಳಗೆ ನೋಡಿತು. ಅದು ಬಾಲ ತಿರುಗಿಸಿತು. ಮಾಚವ್ವ ಚೌಳುನೀರು ಮಾಡಿ, ತಾನು ಬಂದ ಕಾರಣ ಹೇಳುತ್ತ ಒಂದೊಂದೇ ಗರಿ ತೊಳೆದಳು. ಒಂದು ದಿನ ತೊಳೆದಳು, ಎರಡು ದಿನ ತೊಳೆದಳು, ಮೂರನೆಯ ದಿನ ನವಿಲು ಬಾಲ ಬಿಚ್ಚಿದಾಗ ಗವಿಯೊಳಗೆಲ್ಲ ನೀಲಿ ಬೆಳಕಾಯಿತು. ಆ ಚಂದಕ್ಕೆ ಮಾಚವ್ವ ಒಂದು ಗರಿಯ ಕಣ್ಣನ್ನು ಬೆರಳಿನಿಂದ ಮುಟ್ಟಿದಳು.

"ನೋಡು, ಕೆಡಿಸಿದೆ," ಎಂದಿತು ನವಿಲು. "ನೀರು ಹಾಕು ಅಲ್ಲಿ."

ಅವಳು ನೀರು ಹಾಕಿದಳು. ಎಲ್ಲ ಕಡೆ ನೀರು ಒಂದೇ ಹಾಳೆಯ ಹಾಗೆ ಹರಡಿತು. ಬೆರಳು ತಾಗಿದ ಜಾಗದಲ್ಲಿ ಮಾತ್ರ ನೀರು ಹಿಂದೆ ಸರಿದು ಹನಿಯಾಯಿತು.

"ಮನುಷ್ಯರ ಬೆರಳಿನಲ್ಲಿ ಬೆವರೂ ಇದೆ, ಜಿಡ್ಡೂ ಇದೆ. ನೀನು ಹಚ್ಚಹೊರಟ ಮದ್ದು ಜಿಡ್ಡಿನ ಮೇಲೆ ಕೂರೋದಿಲ್ಲ. ತೊಳೆದ ಮೇಲೆ ನೀರು ಎಲ್ಲೂ ಮುರಿಯಬಾರದು. ಮುರಿದರೆ ಮತ್ತೆ ತೊಳಿ. ತೊಳೆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡ," ಎಂದು ಹೇಳಿ, ನವಿಲು ಅವಳ ಮಡಿಲು ತುಂಬ ನವಿಲುಗಲ್ಲು ಕೊಟ್ಟಿತು.

ಮಾಚವ್ವ ಊರಿಗೆ ಬಂದಳು. ಕಾಳೋಜ ಕಲ್ಲು ಅರೆದು ಮದ್ದು ಕದಡಿದ. ಮೊದಲು ಸಾಂತವ್ವನ ಒಂದು ಅಂಗೈಯಲ್ಲಿ ಮಾತ್ರ ಮಾಡಿ ನೋಡೋಣ ಎಂದುಕೊಂಡರು. ಮರಳು ಹಾಕಿ ಉಜ್ಜಿ ತುಕ್ಕು ತೆಗೆದರು. ಚೌಳು ಹಾಕಿ ಜಿಡ್ಡು ತೆಗೆದರು. ನೀರು ಹಾಳೆಯ ಹಾಗೆ ಹರಡಿತು. ಕಾಳೋಜ ಕೈಗೆ ಅರಿವೆ ಸುತ್ತಿಕೊಂಡು ಮದ್ದು ಸವರಿದ. ಬಿಳಿಯ ಉಕ್ಕು ಮೊದಲು ಹೊಂಬಣ್ಣವಾಯಿತು, ಆಮೇಲೆ ನೇರಳೆಯಾಯಿತು, ಆಮೇಲೆ ಕಾರ್ಮೋಡದಂಥ ನೀಲಿಗಪ್ಪಾಯಿತು.

"ಈಗ ತೊಳೀಬೇಕು. ಹುಳಿ ಉಳಿದರೆ ಉಕ್ಕನ್ನೇ ತಿನ್ನುತ್ತದೆ," ಎಂದ ಕಾಳೋಜ.

ಮಾಚವ್ವ ಹೊಳೆಯ ನೀರು ಹೊಯ್ದಳು. ಕಾಳೋಜ ಒರಸುವ ಅರಿವೆ ತೆಗೆದುಕೊಳ್ಳಲು ಅತ್ತ ತಿರುಗಿದ, ಇತ್ತ ತಿರುಗಿದ. ಅಷ್ಟರಲ್ಲಿ ಅಂಗೈಯ ಗೆರೆಗಳಲ್ಲಿ ಕೆಂಪು ಮೂಡಿತ್ತು. ನಾಚಿದ ಮದುಮಗಳ ಕೆನ್ನೆಯ ಹಾಗೆ ಆ ಕೆಂಪು ಹರಡುತ್ತ ಹೋಯಿತು.

"ಹೋಯ್ತು!" ಎಂದು ಕಾಳೋಜ ಹಣೆ ಬಡಿದುಕೊಂಡ. "ತೊಳೆಯದಿದ್ದರೆ ಹುಳಿ ತಿನ್ನುತ್ತದೆ, ತೊಳೆದರೆ ನೀರು ತಿನ್ನುತ್ತದೆ. ಅಜ್ಜ ಕತ್ತಿಯನ್ನ ಕಾದ ಎಣ್ಣೆಯಲ್ಲಿ ಅದ್ದಿಬಿಡ್ತಿದ್ದ. ಬಂಡೆಯಲ್ಲಿ ಬೇರು ಬಿಟ್ಟ ಮನುಷ್ಯರನ್ನ ಎಲ್ಲಿ ಅದ್ದಲಿ?"

ಮಾಚವ್ವ ಆ ಅಂಗೈಯನ್ನೇ ನೋಡುತ್ತ ಕೂತಳು. ಉಬ್ಬಿದ ಕಡೆ ಕೆಂಪಿರಲಿಲ್ಲ. ಗೆರೆ ಇದ್ದ ಕಡೆ, ನೀರು ನಿಂತ ಕಡೆ ಮಾತ್ರ ಕೆಂಪಿತ್ತು.

"ಕಾಳೋಜಪ್ಪಾ, ಒದ್ದೆ ಬಟ್ಟೆ ಮಡಿಚಿಟ್ಟರೆ ಮಡಿಕೆಯಲ್ಲೇ ಮೊದಲು ಬೂಸಲು ಬರೋದು. ಇದೂ ಹಾಗೇ. ತಪ್ಪು ತೊಳೆದದ್ದರಲ್ಲಿಲ್ಲ. ನೀರನ್ನ ನಿಲ್ಲೋಕೆ ಬಿಟ್ಟದ್ದರಲ್ಲಿದೆ. ಇನ್ನೊಂದು ಮಾತು. ಹುಳಿಯನ್ನ ಬರೀ ನೀರು ಸೋಲಿಸೋದಿಲ್ಲ. ಬಟ್ಟೆಗೆ ಮಜ್ಜಿಗೆ ಚೆಲ್ಲಿದರೆ ನಾವು ಚೌಳುನೀರಲ್ಲೇ ಜಾಲಿಸ್ತೀವಿ. ಚೌಳು ಮುಟ್ಟಿದರೆ ಹುಳಿ ಸತ್ತುಹೋಗ್ತದೆ. ಆಮೇಲೆ ಕುದಿಯೋ ನೀರು ಹೊಯ್ಯಬೇಕು. ಉಕ್ಕು ಬಿಸಿಯಾದರೆ ನೀರನ್ನ ತಾನೇ ಓಡಿಸ್ತದೆ."

ಕಾಳೋಜ ಅವಳ ಮುಖ ನೋಡಿದ. "ಅರವತ್ತು ವರ್ಷ ಬೆಂಕಿ ಕಾಯ್ದೆ. ಇಷ್ಟು ಹೊಳೀಲಿಲ್ವಲ್ಲ ನನಗೆ," ಎಂದ. ಆಮೇಲೆ ಅಬ್ಬಿಯ ಕಡೆ ಬೆರಳು ತೋರಿಸಿದ. "ಆದರೆ ಇಲ್ಲಿ ಗಾಳಿಯೇ ಒದ್ದೆ. ಅಂಗೈ ಒಣಗೀತು, ಮೂರು ಮನುಷ್ಯರ ಮೈ ಪೂರ್ತಿ ಒಣಗೋದು ಹೇಗೆ?"

"ಬಿಸಿಗಾಳಿ ಬೇಕು," ಎಂದಳು ಮಾಚವ್ವ. "ಅದು ಎಲ್ಲಿ ಸಿಗ್ತದೆ?"

"ಸುಡುಬಂಡೆಯ ಕಣಿವೆಯಲ್ಲಿ ಬೆಂಕಿಯುಡ ಇದೆ. ಅದರ ಉಸಿರು ಕೊಲುಮೆಯ ತಿದಿಯ ಹಾಗೆ. ಅದರ ಹತ್ತಿರ ಹೋದವರು ಯಾರೂ ಅರ್ಧ ಗಳಿಗೆ ನಿಂತಿಲ್ಲ."

ಮಾಚವ್ವ ಮರುದಿನ ಬೆಳಿಗ್ಗೆಯೇ ಹೊರಟಳು. ಸುಡುಬಂಡೆಯ ಕಣಿವೆಯಲ್ಲಿ ತೆಂಗಿನಮರದಷ್ಟು ಉದ್ದದ ಉಡ ಒಂಟಿಯಾಗಿ ಮಲಗಿತ್ತು. ಅದು ಉಸಿರು ಬಿಟ್ಟರೆ ಸುತ್ತಲಿನ ಹುಲ್ಲು ಮುರುಟುತ್ತಿತ್ತು.

"ಬರ್ತಾರೆ, 'ಅಯ್ಯೋ ಸೆಕೆ' ಅಂತಾರೆ, ಓಡಿ ಹೋಗ್ತಾರೆ," ಎಂದಿತು ಉಡ ಬೇಸರದಿಂದ. "ನೂರು ವರ್ಷದಿಂದ ನನ್ನ ಜೊತೆ ಕೂತು ಮಾತಾಡಿದವರಿಲ್ಲ. ನೀನು ಮೂರು ದಿನ ನನ್ನ ಪಕ್ಕ ಕೂರು. ಸೆಕೆ ಅನ್ನಬಾರದು. ಕೂತರೆ ನೀನು ಕೇಳಿದ್ದು ಕೊಡ್ತೀನಿ."

ಮಾಚವ್ವ ಕೂತಳು. ಮೊದಲ ದಿನ ಊರಿನ ಸುದ್ದಿಯೆಲ್ಲ ಹೇಳಿದಳು. ಉಡ ಕಣ್ಣು ಮುಚ್ಚಿ ಕೇಳಿತು. ಎರಡನೆಯ ದಿನ ಬಟ್ಟೆ ಬೇಯಿಸುವ ಉಬ್ಬೆಯ ಪಕ್ಕದಲ್ಲೇ ತಾನು ಅಂಬೆಗಾಲಿಟ್ಟು ಬೆಳೆದ ಕತೆ ಹೇಳಿದಳು. ಉಡ ಬಾಲ ಆಡಿಸಿತು. ಮೂರನೆಯ ದಿನ ಅಣ್ಣನ ಹಾಡು ಗುನುಗಿದಳು. ಮೈ ಬೆಂದು ಬದನೆಯಾಗಿತ್ತು.

ಉಡ ಓರೆಗಣ್ಣಲ್ಲಿ ನೋಡಿತು. "ನಿನ್ನ ಹಣೆಯಿಂದ ಅದೇನು ಸುರೀತಿರೋದು?"

"ಕಣ್ಣೀರು," ಎಂದಳು ಮಾಚವ್ವ. "ಅಣ್ಣನ ನೆನಪಾಯ್ತು. ಬಹಳ ಇದ್ದದ್ದಕ್ಕೆ ದಾರಿ ತಪ್ಪಿ ಹಣೆಯಿಂದ ಬರ್ತಿದೆ."

ಉಡ ಎಷ್ಟು ನಕ್ಕಿತೆಂದರೆ ಕಣಿವೆಯ ಎರಡು ಬಂಡೆ ಬಿರುಕು ಬಿಟ್ಟವು. "ನಡಿ, ನಿನ್ನಣ್ಣ ಎಲ್ಲಿದಾನೆ ತೋರಿಸು," ಎಂದು ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಟಿತು. ಸುಡದಿರಲಿ ಎಂದು ಅವಳು ಮಡಕೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಳು.

ಅಮಾವಾಸ್ಯೆ ಬಂತು. ಕೆಂಧೂಳ ಬಂದು ಮೂರನೆಯ ಸಲ ಕೆರೆದುಕೊಂಡು ಹೋದ. ಅವನು ಹೋದ ಮರುಗಳಿಗೆಯೇ ಊರಿನವರೆಲ್ಲ ತಮ್ಮ ತಮ್ಮ ಮನೆಯ ಕಂಬಳಿ ತಂದರು. ಕಂಬಳಿಗೆ ಕಂಬಳಿ ಹೊಲಿದು ಉಕ್ಕಿನ ಮೂವರ ಸುತ್ತ ಗುಡಾರ ಎತ್ತಿದರು. ಅಬ್ಬಿಯ ಹನಿ ಹೊರಗೇ ನಿಂತಿತು. ಉಡ ಒಳಗೆ ತಲೆ ಇಟ್ಟು ಮೆಲ್ಲಗೆ ಉಸಿರಾಡಿತು. ಒಳಗಿನ ಗಾಳಿ ಹಪ್ಪಳದಂತೆ ಒಣಗಿತು.

ಮರಳಿನಿಂದ ಉಜ್ಜಿ, ಮೂವರ ಮೈ ಕನ್ನಡಿಯ ಹಾಗೆ ಬೆಳಗಿಸಿದರು. ಚೌಳು ಹಾಕಿ ತೊಳೆದರು. ಎಲ್ಲರೂ ಕೈಗೆ ಹೊಸ ಅರಿವೆ ಕಟ್ಟಿಕೊಂಡರು. ಕಾಳೋಜ ಮದ್ದಿನ ಬೋಗುಣಿ ಎತ್ತಿಕೊಂಡ.

ಅದೇ ಹೊತ್ತಿಗೆ ಗುಡಾರದ ಬಾಗಿಲಲ್ಲಿ ಒಬ್ಬ ಮುದುಕಿ ಬಂದು ನಿಂತಳು. ಕೆಂಪು ಸೀರೆ, ಬಾಗಿದ ಬೆನ್ನು.

"ಮಗಳೇ, ಚಂದರಸನಿಗೆ ಹಾಲು ಕೊಟ್ಟು ಸಾಕಿದ ದಾದಿ ನಾನು," ಎಂದು ಅತ್ತಳು. "ಕಪ್ಪಾಗೋ ಮೊದಲು ಒಂದು ಸಲ ಅವನ ಕೆನ್ನೆ ಸವರ್ತೀನಿ. ಬಿಡೇ."

ಎಲ್ಲರ ಮನಸ್ಸೂ ಕರಗಿತು. ಕಾಳೋಜನೂ ಪಕ್ಕಕ್ಕೆ ಸರಿದ. ಮಾಚವ್ವನಿಗೂ ಬೇಡ ಎನ್ನಲು ಬಾಯಿ ಬರಲಿಲ್ಲ. ಅಣ್ಣನ ಕೆನ್ನೆ ಸವರಬೇಕೆಂದು ಅವಳಿಗೂ ಆಸೆಯಾಗಿತ್ತು, ಆಗಿನಿಂದ ಕೈ ಕಟ್ಟಿಕೊಂಡೇ ಇದ್ದಳು.

"ಸವರು ಅಜ್ಜಿ, ಯಾರು ಬೇಡ ಅಂದರು," ಎಂದಳು. "ಚೌಳುನೀರಲ್ಲಿ ಕೈ ತೊಳೆದುಕೋ. ಆಮೇಲೆ ಈ ಅರಿವೆ ಕಟ್ಟಿಕೊಂಡು ಸವರು. ಬಾ, ನಾನೇ ತೊಳೀತೀನಿ."

ಮುದುಕಿಯ ಕೈ ಹಿಡಿದು ಮಾಚವ್ವ ಚೌಳುನೀರಿನ ಗಡಿಗೆಗೆ ಅದ್ದಿದಳು. ಚುರ್ ಎಂದಿತು. ಮುದುಕಿ ಗಂಡಸಿನ ದನಿಯಲ್ಲಿ ಕಿರುಚಿದಳು. ಕೆಂಪು ಸೀರೆ ಕಳಚಿ ಬಿತ್ತು, ಒಳಗಿದ್ದವನು ಕೆಂಧೂಳ. ಅವನ ಬೆರಳ ತುದಿಯೆಲ್ಲ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ತುಕ್ಕು ತಿಂದು ಬೆಳೆದ ಮೈಗೆ ಚೌಳು ಆಗುವುದಿಲ್ಲ. ಅವನು ಕೈ ಒದರುತ್ತ ಗುಡ್ಡದ ಕಡೆ ಓಡಿದ.

"ನಮ್ಮ ದಾದಿ ಹೀಗೆ ಓಡಿದ್ದನ್ನು ನಾನು ಕಂಡಿಲ್ಲ," ಎಂದ ರಾಜ. ಎಲ್ಲರೂ ಭಯದಲ್ಲೂ ನಕ್ಕರು.

ಆಮೇಲೆ ಕೆಲಸ ನಿಲ್ಲಲಿಲ್ಲ. ಕಾಳೋಜ ತೆಳ್ಳಗೆ ಮದ್ದು ಸವರಿದ. ಉಕ್ಕು ಹೊಂಬಣ್ಣವಾಯಿತು, ನೇರಳೆಯಾಯಿತು, ನೀಲಿಗಪ್ಪಾಯಿತು. "ಈಗ!" ಎಂದ. ಮಾಚವ್ವ ಚೌಳುನೀರು ಹೊಯ್ದಳು. ಹುಳಿ ಬುಸುಗುಟ್ಟಿ ಸತ್ತಿತು. "ಈಗ!" ಎಂದಳು ಮಾಚವ್ವ. ಹೆಂಗಸರು ಸಾಲುಗಟ್ಟಿ ನಿಂತು ಹಂಡೆಯಿಂದ ಕುದಿಯುವ ನೀರು ಕೊಟ್ಟರು. ಅವಳು ತಲೆಯಿಂದ ಕಾಲಿನವರೆಗೆ ಬಿಡದೆ ಹೊಯ್ದಳು. "ಈಗ!" ಎಂದರು ಎಲ್ಲರೂ. ಉಡ ಉಸಿರು ಬಿಟ್ಟಿತು. ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ, ಸೆರಗಿನ ನೆರಿಗೆಯಲ್ಲಿ, ಎಲ್ಲಿ ಹನಿ ಅಡಗಿದ್ದರೂ ಅಲ್ಲಿಗೆ ಮೂತಿ ಇಟ್ಟು ಊದಿತು. ನೀರು ಆವಿಯಾಗಿ ಹಾರಿತು. ಕೆಂಪು ಏಳುವುದಕ್ಕೆ ಹೊತ್ತೇ ಸಿಗಲಿಲ್ಲ.

ಉಕ್ಕು ಬಿಸಿ ಇರುವಾಗಲೇ ಜೇನುಮೇಣ ಹಚ್ಚಿದರು. ಮೇಣ ಕರಗಿ, ತೆಳ್ಳಗೆ ಹರಡಿ, ನೀಲಿಗಪ್ಪಿನೊಳಗೆ ಇಳಿಯಿತು. ಆರಿದ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿದರು. ಸಾಂತವ್ವನಿಗೆ ಹೀಗೆ ಮಾಡಿದರು, ಚಂದರಸನಿಗೆ ಹೀಗೆ ಮಾಡಿದರು, ಬೀರನಿಗೂ ಹೀಗೆ ಮಾಡಿದರು. ಸಂಜೆಗೆ ಗುಡಾರ ಬಿಚ್ಚಿದರು. ಮೂವರೂ ಮಳೆ ತುಂಬಿದ ಮೋಡದ ಬಣ್ಣದಲ್ಲಿ ನಿಂತಿದ್ದರು. ಅಬ್ಬಿಯ ಹನಿ ಅವರ ಮೇಲೆ ಬಿತ್ತು, ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ಉರುಳಿ ಹೋಯಿತು.

ಕಾಳೋಜ ಕೈ ತೊಳೆದುಕೊಂಡ. ಮಗಳ ಮುಂದೆ ಕೂತು ಹೊಟ್ಟೆ ತುಂಬ ಉಂಡ. ಮೂರು ತಿಂಗಳಲ್ಲಿ ಅವನು ಹಾಗೆ ಉಂಡದ್ದು ಅದೇ ಮೊದಲು.

ಒಂದು ವಾರ ಹೋಯಿತು. ಎರಡು ವಾರ ಹೋಯಿತು. ಮಾಚವ್ವ ದಿನವೂ ಬಟ್ಟೆ ಒಗೆದಳು, ದಿನವೂ ಮೂವರ ಮೈ ಹುಡುಕಿ ನೋಡಿದಳು. ಇಪ್ಪತ್ತನೆಯ ದಿನ ಚಂದರಸನ ಕಿವಿಯ ಕೆಳಗೆ ಒಂದು ಕೆಂಪು ಚುಕ್ಕೆ ಕಂಡಿತು. ಕಾಳೋಜನನ್ನು ಕೂಗಿದಳು. ಕಾಳೋಜ ಕುಂಟುತ್ತ ಓಡಿ ಬಂದ. ಇಬ್ಬರೂ ಬಗ್ಗಿ ನೋಡಿದರು. ಚುಕ್ಕೆ ಮೆಲ್ಲಗೆ ಕಿವಿಯಿಂದ ಕೆನ್ನೆಗೆ ನಡೆದು ಬಂತು. ಮಳೆಗಾಲದಲ್ಲಿ ಹರಿದಾಡುವ ಮಖಮಲ್ಲಿನಂಥ ಕೆಂಪು ಹುಳ ಅದು. ಮಾಚವ್ವ ಅದನ್ನು ಎಲೆಯ ಮೇಲೆ ಹತ್ತಿಸಿಕೊಂಡು ಹುಲ್ಲಿಗೆ ಬಿಟ್ಟಳು. ಆಮೇಲೆ ಇಬ್ಬರೂ ಕೂತು ಸಾಕಾಗುವಷ್ಟು ನಕ್ಕರು.

ಅಮಾವಾಸ್ಯೆಯ ಮಧ್ಯಾಹ್ನ ಕೆಂಧೂಳ ಬಂದ. ಅವನ ಕೆನ್ನೆ ಒಳಗೆ ಹೋಗಿತ್ತು. ಕೈಯಲ್ಲಿ ಬಟ್ಟಲು, ಬಟ್ಟಲಲ್ಲಿ ಕೆರೆಯುವ ಉಳಿ.

"ಉಳಿ ಮುಟ್ಟಿಸಬೇಡ," ಎಂದಳು ಮಾಚವ್ವ. "ನಿನ್ನ ಪಾಲು ಕೆಂಪು ಮಾತ್ರ. ತಗೋ, ಒಗೆದ ಬಿಳಿ ಬಟ್ಟೆ. ಒರಸಿ ನೋಡು. ಒಂದು ಎಳೆ ಕೆಂಪಾದರೂ ಅವರು ನಿನ್ನವರು."

ಕೆಂಧೂಳ ಬಟ್ಟೆ ಕಿತ್ತುಕೊಂಡ. ಬೀರನ ಭುಜ ಒರಸಿದ. ಬಟ್ಟೆ ಬೆಳ್ಳಗಿತ್ತು. ಸಾಂತವ್ವನ ಅಂಗೈ ಒರಸಿದ. ಬಟ್ಟೆ ಬೆಳ್ಳಗಿತ್ತು. ಚಂದರಸನ ಸವೆದ ಕಿರುಬೆರಳಿನ ಸಂದಿಯಲ್ಲಿ ಬಟ್ಟೆ ತುರುಕಿ ತಿರುವಿದ. ಹೊರಗೆ ತೆಗೆದು ನೋಡಿದ. ಬಟ್ಟೆ ಮಲ್ಲಿಗೆಯಷ್ಟು ಬೆಳ್ಳಗಿತ್ತು.

"ಒಂದು ಚಿಟಿಕೆ," ಎಂದ ಕೆಂಧೂಳ. ಅವನ ದನಿ ಸಣ್ಣಗಾಗಿತ್ತು. "ಒಂದೇ ಒಂದು ಚಿಟಿಕೆ ಕೊಡಿ."

"ಅಂಬಲಿ ಇದೆ, ಕುಡೀತೀಯಾ?" ಎಂದು ಮಾಚವ್ವ ನಿಜವಾಗಿಯೇ ಕೇಳಿದಳು.

ಅವನು ಅಂಬಲಿಯ ಕಡೆ ನೋಡಿದ. ಮುಖ ಸಿಂಡರಿಸಿದ. ಮುಖ ಸಿಂಡರಿಸಿದ ಕಡೆಯಿಂದಲೇ ಬಿರುಕು ಬಿಟ್ಟ. ಕಾಲು ಉದುರಿತು, ಕೈ ಉದುರಿತು, ಕೊನೆಗೆ ತಲೆಯೂ ಉದುರಿ, ಕಟ್ಟೆಯ ಮೇಲೆ ಎರಡು ಬುಟ್ಟಿ ಕೆಮ್ಮಣ್ಣು ಉಳಿಯಿತು.

ಉಕ್ಕಿನೊಳಗಿನ ಡಬ್, ಡಬ್ ಈಗ ಎಲ್ಲರಿಗೂ ಕೇಳಿಸಿತು. ನೀಲಿಗಪ್ಪು ಹೊದಿಕೆ ಹಾವಿನ ಪೊರೆಯಂತೆ ಕಳಚಿ ಬಿತ್ತು. ಒಳಗಿನಿಂದ ಮೂವರೂ ಮನುಷ್ಯರಾಗಿ ಎದ್ದು ಬಂದರು. ಸಾಂತವ್ವ ಅಪ್ಪನ ಕುತ್ತಿಗೆಗೆ ಜೋತುಬಿದ್ದಳು. ಚಂದರಸ ತನ್ನ ಸಣ್ಣ ಬೆರಳನ್ನು ನೋಡಿ, "ಇಷ್ಟಕ್ಕೇ ಮುಗೀತಲ್ಲ," ಎಂದ. ಬೀರ ಸುತ್ತ ನೋಡಿ, "ಮಾಚಿ, ಹೊಟ್ಟೆ ಹಸಿದು ಸಾಯ್ತಿದ್ದೀನಿ," ಎಂದ. ಮಾಚವ್ವ ಬೈಯಬೇಕೆಂದು ಬಾಯಿ ತೆರೆದಳು. ಆದರೆ ಅಳು ಬಂತು. ಈ ಸಲ ಕಣ್ಣೀರು ದಾರಿ ತಪ್ಪದೆ ಕಣ್ಣಿನಿಂದಲೇ ಬಂತು.

ರಾಜ ಮಾಚವ್ವನನ್ನು ಕರೆದು, "ಏನು ಬೇಕು ಕೇಳು ತಾಯಿ," ಎಂದ. ಅವಳು ಅರ್ಧ ರಾಜ್ಯ ಕೇಳಲಿಲ್ಲ. "ಕಟ್ಟೆಯ ಮೇಲೆ ಒಂದು ಸೂರು ಕಟ್ಟಿಸು ಬುದ್ಧೀ. ಮಳೆಯಲ್ಲಿ ಬಟ್ಟೆ ಒಣಗೋದಿಲ್ಲ. ಒಳಗೆ ಒಂದು ಬೆಚ್ಚನೆಯ ಜಾಗ ಇರಲಿ, ಉಡಪ್ಪ ಒಬ್ಬನೇ ಕಣಿವೆಗೆ ಹೋಗಬಾರದು," ಎಂದಳು. ರಾಜ ನೂರು ಕಂಬದ ಸೂರು ಕಟ್ಟಿಸಿದ. ಒಂದು ಬದಿಯಲ್ಲಿ ಮಾಚವ್ವನ ಕಲ್ಲು, ಇನ್ನೊಂದು ಬದಿಯಲ್ಲಿ ಕಾಳೋಜನ ಕೊಲುಮೆ, ನಡುವೆ ಉಡ. ಸಾಣೆಗಿರಿಯ ನೇಗಿಲು, ಅಗುಳಿ, ಗಂಟೆಗಳೆಲ್ಲ ಅಲ್ಲಿಗೆ ಬಂದು ನೀಲಿಗಪ್ಪು ತೊಟ್ಟು ಹೋದವು. ಕೆಂಧೂಳನ ಕೆಮ್ಮಣ್ಣನ್ನು ಹೆಂಗಸರು ಹಂಚಿಕೊಂಡು ಮನೆಯ ಜಗಲಿಗೆ ಸಾರಿಸಿದರು. ಆ ಜಗಲಿಗಳ ಮೇಲೆ ಮಕ್ಕಳು ಆಡಿ ಬೆಳೆದರು, ಮುದುಕರು ಎಲೆಯಡಿಕೆ ಹಾಕಿಕೊಂಡು ಮಾತಾಡಿದರು. ಬೆಳಿಗ್ಗೆ ಕೆಲಸ, ಮಧ್ಯಾಹ್ನ ಊಟ, ಸಂಜೆಗೆ ಹಾಡು. ಸಾಣೆಗಿರಿಯಲ್ಲಿ ಯಾರಿಗೂ ಏನೂ ಕಡಿಮೆಯಾಗಲಿಲ್ಲ. ಕತೆ ಕೇಳಿದ ನಿಮ್ಮ ಮನೆಯಲ್ಲೂ ಕಡಿಮೆಯಾಗದಿರಲಿ.